ನರ ಸಿಗುತ್ತಿಲ್ಲ: ನೀರಿನ ಕೊರತೆಯೋ, ಬೇರೆ ಕಾರಣವೋ ಪತ್ತೆ ಹಚ್ಚುವ ಬಗೆ

ನಮ್ಮ ಕಡೆ ‘ನರ’ ಅಂದರೆ ಎರಡೂ ಹೌದು. ಜುಮ್ಮೆನ್ನುವುದೂ ನರವೇ, ಕೈ ಮೇಲೆ ಹಸಿರಾಗಿ ಕಾಣುವ ರಕ್ತನಾಳವೂ ನರವೇ. ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ. ಸೂಜಿ ಹಿಡಿದ ಸಿಸ್ಟರು ‘ನರ ಸಿಗ್ತಿಲ್ಲ’ ಅನ್ನುವುದು ಇದನ್ನೇ, ಪುಸ್ತಕದಲ್ಲಿ ಅಭಿಧಮನಿ ಅನ್ನುವುದೂ ಇದನ್ನೇ.

ಮೈಯ ರಕ್ತದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಯಾವ ಹೊತ್ತಿಗೂ ಈ ನರಗಳಲ್ಲೇ ಇರುತ್ತದೆ. ಇವುಗಳ ಗೋಡೆ ತೆಳು. ರಕ್ತ ತುಂಬಿದ್ದರೆ ದುಂಡಗಿರುತ್ತವೆ, ಇಲ್ಲದಿದ್ದರೆ ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ ಚಪ್ಪಟೆಯಾಗುತ್ತವೆ. ಮೈಯಲ್ಲಿ ನೀರು ಕಡಿಮೆಯಾದಾಗ ರಕ್ತದ ನೀರಿನಂಶ ಇಳಿಯುತ್ತದೆ. ಅದರ ಜೊತೆಗೆ ಮಿದುಳು, ಹೃದಯಕ್ಕೆ ರಕ್ತ ಉಳಿಯಲಿ ಎಂದು ದೇಹವೇ ಕೈಕಾಲಿನ ನಾಳಗಳನ್ನು ಬಿಗಿ ಹಿಡಿಯುತ್ತದೆ. ಭದ್ರಾ ನಾಲೆಯಲ್ಲಿ ನೀರು ಕಡಿಮೆ ಬಿಟ್ಟ ವರ್ಷ ಮೊದಲು ಒಣಗುವುದು ಕೊನೆ ಭಾಗದ ಗದ್ದೆ ತಾನೆ? ದೇಹದಲ್ಲಿ ಆ ಕೊನೆ ಭಾಗ ಮುಂಗೈ ಮತ್ತು ಪಾದ.

ಆದರೆ ನರ ಕಾಣುತ್ತದೋ ಇಲ್ಲವೋ ಎಂಬುದನ್ನೇ ಅಳತೆಗೋಲು ಮಾಡಿಕೊಂಡವರು ಎರಡೂ ಕಡೆ ಮೋಸ ಹೋಗುತ್ತಾರೆ. ತೆಳ್ಳಗಿನವರಲ್ಲಿ, ಸೆಕೆಯಲ್ಲಿ ದುಡಿಯುವವರಲ್ಲಿ ನೀರು ಬತ್ತಿದ್ದರೂ ನರ ಎದ್ದು ಕಾಣಬಹುದು. ದಪ್ಪ ಇರುವವರಲ್ಲಿ ನೀರು ಸಾಕಷ್ಟಿದ್ದರೂ ಕಾಣದಿರಬಹುದು. ನೋಡಬೇಕಾದ್ದು ನರ ಎಷ್ಟು ಬೇಗ ತುಂಬಿಕೊಳ್ಳುತ್ತದೆ, ಅದರ ಜೊತೆಗೆ ಮೂತ್ರ, ನಾಡಿ, ಬಾಯಿ ಏನು ಹೇಳುತ್ತವೆ ಎಂಬುದನ್ನು.

ಪರೀಕ್ಷೆಗೆ ಇಳಿಯುವ ಮೊದಲು ಒಂದು ಮಾತು. ಎದ್ದು ನಿಲ್ಲಲಾಗದ, ತಡವರಿಸಿ ಮಾತಾಡುವ, ಕೈಕಾಲು ತಣ್ಣಗಾಗಿ ಬೆವೆತಿರುವ, ಎಂಟು ಹತ್ತು ಗಂಟೆಯಿಂದ ಮೂತ್ರವೇ ಹೋಗದ ಮನುಷ್ಯನ ಮೇಲೆ ಕೆಳಗಿನ ಯಾವುದನ್ನೂ ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.

ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೋದರೆ ನರವೇ ಸಿಗುವುದಿಲ್ಲ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಸರಿಪಡಿಸಲು ಎಲ್ಲಕ್ಕಿಂತ ಸುಲಭವಾದದ್ದೂ ಇದೇ. ರಾತ್ರಿ ಎಂಟಕ್ಕೆ ಊಟ, ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್. ನಡುವೆ ಹದಿಮೂರು ತಾಸು. ‘ಖಾಲಿ ಹೊಟ್ಟೆ’ ಅಂದಿದ್ದಾರೆ ಅಂತ ನೀರನ್ನೂ ಮುಟ್ಟಿರುವುದಿಲ್ಲ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ರಾತ್ರಿಯಿಡೀ ಫ್ಯಾನಿನಡಿ ಬೆವೆತು, ಒಂದು ಗುಟುಕೂ ಕುಡಿಯದೆ ಬಂದರೆ ನರ ಎಲ್ಲಿಂದ ಸಿಗಬೇಕು?

ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಗೆ ಬರಿ ನೀರು ಅಡ್ಡಿಯಲ್ಲ. ರಕ್ತ ಕೊಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ದೊಡ್ಡ ಲೋಟದಲ್ಲಿ ಎರಡು ಲೋಟ, ಅಂದರೆ 400ರಿಂದ 500 ಮಿಲಿ ನೀರು ಕುಡಿಯಿರಿ. ಲಿಂಬು, ಸಕ್ಕರೆ, ಮಜ್ಜಿಗೆ, ಚಹಾ ಯಾವುದೂ ಬೇಡ. ಲ್ಯಾಬಿನ ಬಾಗಿಲಲ್ಲಿ ನಿಂತು ಬಾಟಲಿ ಎತ್ತಿ ಗಟಗಟ ಕುಡಿದರೆ ಪ್ರಯೋಜನವಿಲ್ಲ. ಹೊಟ್ಟೆಯಿಂದ ರಕ್ತಕ್ಕೆ ಸೇರಲು ನೀರಿಗೂ ಹೊತ್ತು ಬೇಕು. ಎಚ್ಚರ ತಪ್ಪಿಸುವ ಮದ್ದು ಕೊಡುವ ಆಪರೇಷನ್ ಇದ್ದವರು, ಎಂಡೋಸ್ಕೋಪಿಗೆ ಹೋಗುವವರು, ನೀರಿಗೆ ಮಿತಿ ಹಾಕಿಸಿಕೊಂಡಿರುವ ಹೃದಯ, ಕಿಡ್ನಿ ರೋಗಿಗಳು ತಮ್ಮ ಡಾಕ್ಟರು ಹೇಳಿದ್ದನ್ನೇ ಪಾಲಿಸಬೇಕು.

ನೀರು ಕುಡಿದೂ ಸಿಗದಿದ್ದರೆ ಮುಂದಿನ ಅನುಮಾನ ಚಳಿ. ಡಿಸೆಂಬರಿನ ಬೆಳಗ್ಗೆ ಬೈಕಿನಲ್ಲಿ ಬಂದವರ ಕೈ, ಏಸಿ ರೂಮಿನಲ್ಲಿ ಕಾದು ಕೂತವರ ಕೈ ತಣ್ಣಗಿರುತ್ತದೆ. ತಣ್ಣಗಿನ ಕೈಯಲ್ಲಿ ನರ ಕುಗ್ಗುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊಣಕೈ ಮಡಿಕೆಯ ಮೇಲೆ ಐದು ನಿಮಿಷ ಸುತ್ತಿಡಿ. ಬಿಸಿ ಹಿತವಾಗಿರಬೇಕು, ಸುಡಬಾರದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಅವರ ಬಟ್ಟೆಯ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಬೇಕು. ಆಮೇಲೆ ಕೈಯನ್ನು ಕುರ್ಚಿಯ ಪಕ್ಕ ಎರಡು ಮೂರು ನಿಮಿಷ ಇಳಿಬಿಡಿ, ಮುಷ್ಟಿಯನ್ನು ನಾಲ್ಕೈದು ಸಲ ಮೆತ್ತಗೆ ಮುಚ್ಚಿ ತೆರೆಯಿರಿ. ಜೋರಾಗಿ ಹಿಸುಕುತ್ತಲೇ ಇದ್ದರೆ ರಕ್ತದ ಪೊಟ್ಯಾಸಿಯಂ ಎಂಬ ಲವಣ ಇರುವುದಕ್ಕಿಂತ ಹೆಚ್ಚು ಕಂಡು ರಿಪೋರ್ಟ್ ತಪ್ಪಾಗುತ್ತದೆ. ಕೈ ಮೇಲೆ ಪಟಪಟ ಹೊಡೆಯುವ ಅಭ್ಯಾಸವೂ ಬೇಡ. ಅದರಿಂದ ನೋವೇ ಹೊರತು ನರ ಬರುವುದಿಲ್ಲ, ಅಪ್ಪಚ್ಚಿಯಾದ ನರ ಇನ್ನೂ ಬಿಗಿಯಬಹುದು.

ಸೂಜಿ ಕಂಡರೆ ಎದೆ ಹೊಡೆದುಕೊಳ್ಳುವವರದ್ದೂ ಇದೇ ಕಥೆ. ಹೆದರಿಕೆಗೂ ನಾಳಗಳು ಬಿಗಿಯುತ್ತವೆ. ಮಲಗಿಸಿ ರಕ್ತ ತೆಗೆಯಿರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಸೂಜಿ ಹಿಡಿದವರ ಕಡೆಯ ತಪ್ಪುಗಳೂ ಇವೆ. ತೋಳಿಗೆ ಬಿಗಿಯುವ ಪಟ್ಟಿಯನ್ನು, ಸೂಜಿ ಚುಚ್ಚುವ ಜಾಗಕ್ಕಿಂತ ನಾಲ್ಕೈದು ಬೆರಳು ಮೇಲೆ ಕಟ್ಟಬೇಕು. ಒಂದು ನಿಮಿಷದೊಳಗೆ ಕೆಲಸ ಆಗದಿದ್ದರೆ ಬಿಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಬೇಕು. ನರವನ್ನು ಕಣ್ಣಿಗಿಂತ ತೋರುಬೆರಳಿನಲ್ಲಿ ಹುಡುಕುವುದು ಲೇಸು, ಅದರಲ್ಲೂ ಮೈಬಣ್ಣ ಕಪ್ಪಿದ್ದವರಲ್ಲಿ. ಒತ್ತಿದರೆ ಮೆತ್ತಗೆ ಪುಟಿಯುವುದು ನರ. ಗಟ್ಟಿ ಹಗ್ಗದಂತೆ ಸಿಗುವುದು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಮಿಡಿಯುವುದು ಹೃದಯದಿಂದ ರಕ್ತ ತರುವ ಅಪಧಮನಿ, ಅದನ್ನು ಮುಟ್ಟಬಾರದು. ನೀರು ಬತ್ತಿದ ಕೈಯಲ್ಲಿ ಈ ಪುಟಿತವೇ ಇರುವುದಿಲ್ಲ, ಬೆರಳಿಗೆ ಒದ್ದೆ ರಿಬ್ಬನ್ ಮುಟ್ಟಿದ ಹಾಗಾಗುತ್ತದೆ. ಎರಡು ಸಲ ಚುಚ್ಚಿ ಸಿಗದಿದ್ದರೆ ಮೂರನೆಯದು ಇನ್ನೊಬ್ಬರ ಕೈಗೆ ಹೋಗಬೇಕು. ಇದನ್ನು ರೋಗಿಯೇ ಕೇಳಬಹುದು.

ಮೊದಲು ಚೆನ್ನಾಗಿ ಕಾಣುತ್ತಿದ್ದ ಮುಂಗೈ ನರ ಈಗ ಚಪ್ಪಟೆಯಾಗಿದೆ

ಇಲ್ಲಿಂದ ನೀರಿನ ಕೊರತೆಯ ಅನುಮಾನ ಗಟ್ಟಿಯಾಗುತ್ತದೆ. ಕಾಸು ಖರ್ಚಿಲ್ಲದ ತಪಾಸಣೆಗಳಿಂದ ಶುರು ಮಾಡಿ.

ಮೊದಲು ಮೂತ್ರ. ತಿಳಿ ಹುಲ್ಲಿನ ಬಣ್ಣವಿದ್ದರೆ ನೀರು ಸಾಕಷ್ಟಿದೆ. ಕಡು ಹಳದಿಯಾಗಿ, ಸ್ವಲ್ಪವೇ ಬಂದು, ವಾಸನೆ ಇದ್ದರೆ ಕೊರತೆ ಇದೆ. ಬಿ ಕಾಂಪ್ಲೆಕ್ಸ್ ಮಾತ್ರೆ ತಿನ್ನುವವರ ಮೂತ್ರ ನೀರು ಕುಡಿದರೂ ಹಳದಿಯೇ ಇರುತ್ತದೆ, ಆಗ ಬಣ್ಣ ಬಿಟ್ಟು ಪ್ರಮಾಣ ನೋಡಿ. ಚಹಾ ಡಿಕಾಕ್ಷನ್ ಥರ ಕಂದು ಬಣ್ಣ ಬಂದರೆ ಮನೆಯ ತಪಾಸಣೆ ಅಲ್ಲಿಗೆ ನಿಲ್ಲಲಿ. ಬಿಸಿಲಿನ ದುಡಿಮೆಯಲ್ಲಿ ಸ್ನಾಯು ಹಾಳಾದಾಗಲೂ, ಕಾಮಾಲೆಯಲ್ಲೂ ಈ ಬಣ್ಣ ಬರುತ್ತದೆ, ಎರಡಕ್ಕೂ ಡಾಕ್ಟರೇ ಬೇಕು.

ಎರಡನೆಯದು ಕೈ ಪರೀಕ್ಷೆ. ಬೆಳಕಿರುವಲ್ಲಿ ಕೂತು, ಒಂದು ಕೈಯನ್ನು ತಲೆಯ ಮೇಲೆತ್ತಿ ಹಿಡಿಯಿರಿ. ಮುಂಗೈ ನರಗಳೆಲ್ಲ ಖಾಲಿಯಾಗಿ ತಗ್ಗುತ್ತವೆ. ಈಗ ಕೈಯನ್ನು ತೊಡೆಯ ಪಕ್ಕಕ್ಕೆ ಇಳಿಬಿಟ್ಟು ನಿಧಾನವಾಗಿ ಎಣಿಸಿ. ಐದು ಎಣಿಸುವಷ್ಟರಲ್ಲಿ ನರ ಮತ್ತೆ ಉಬ್ಬಿ ಬರಬೇಕು. ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಇಳಿಬಿಟ್ಟ ಕೈಯಲ್ಲೇ, ಬೆರಳಿನ ಗಿಣ್ಣಿನ ಹತ್ತಿರ ಒಂದು ನರದ ಮೇಲೆ ತೋರುಬೆರಳು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಆ ನರವನ್ನು ಮಣಿಕಟ್ಟಿನ ಕಡೆಗೆ, ಹಸುವಿನ ಮೊಲೆಯಿಂದ ಹಾಲು ಎಳೆದಂತೆ, ಸವರಿ ಖಾಲಿ ಮಾಡಿ. ನರ ಇದ್ದ ಜಾಗದಲ್ಲಿ ಸಣ್ಣ ತೋಡು ಕಾಣುತ್ತದೆ. ಗಿಣ್ಣಿನ ಹತ್ತಿರದ ಬೆರಳು ಎತ್ತಿದ ಕೂಡಲೇ ರಕ್ತ ಸರ್ರನೆ ನುಗ್ಗಿ ತೋಡು ತುಂಬಿದರೆ ಸರಿ. ತೊಟ್ಟು ತೊಟ್ಟಾಗಿ ತೆವಳಿ ಬಂದರೆ, ಕೈ ಬೆಚ್ಚಗಿದ್ದೂ ಹಾಗೇ ಆದರೆ, ರಕ್ತದ ಪ್ರಮಾಣ ಇಳಿದಿದೆ ಎಂದು ತಿಳಿಯಿರಿ. ಕೈ ತಣ್ಣಗಿದ್ದಾಗ ಈ ಪರೀಕ್ಷೆಗೆ ಅರ್ಥವಿಲ್ಲ.

ಉಗುರು ನೋಡುವುದು ಮೂರನೆಯದು. ಕೈಯನ್ನು ಎದೆಯ ಮಟ್ಟದಲ್ಲಿಟ್ಟು ಬೆರಳ ಉಗುರನ್ನು ಐದು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಿನಲ್ಲಿ ಕೆಂಪಾಗಬೇಕು. ಮೂರು ದಾಟಿದರೆ ಚೆನ್ನಲ್ಲ.

ಕೊನೆಗೆ ಎದ್ದು ನಿಲ್ಲಿಸಿ ನಾಡಿ ಎಣಿಸುವುದು. ಇದಕ್ಕೆ ಪಕ್ಕದಲ್ಲಿ ಒಬ್ಬರು ಇರಲೇಬೇಕು, ಹಿಂದೆ ಕುರ್ಚಿ ಇರಬೇಕು. ಐದು ನಿಮಿಷ ಮಲಗಿಸಿ ನಾಡಿ ಎಣಿಸಿ, ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷದ ಮೇಲೆ ಮತ್ತೆ ಎಣಿಸಿ. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರಿದರೆ ಅಥವಾ ಕಣ್ಣು ಕತ್ತಲೆ ಬಂದು ನಿಲ್ಲಲೇ ಆಗದಿದ್ದರೆ ಕೊರತೆ ಸಣ್ಣದಲ್ಲ. ಬಿಪಿ ಯಂತ್ರ ಇದ್ದರೆ ಮೇಲಿನ ಅಂಕಿ 20 ಇಳಿದರೂ ಅದೇ ಅರ್ಥ. ಇಷ್ಟು ಕಂಡ ಮೇಲೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ನರ ಹಗ್ಗದ ಹಾಗೆ ಎದ್ದಿವೆ, ಆದರೂ ಸುಸ್ತು, ತಲೆನೋವು

ಇದು ಎಲ್ಲರನ್ನೂ ದಾರಿ ತಪ್ಪಿಸುವ ಲಕ್ಷಣ. ಮಂಡಕ್ಕಿ ಭಟ್ಟಿಯಲ್ಲಿ ಒಲೆಯ ಮುಂದೆ ಅಕ್ಕಿ ಹುರಿಯುವವರ, ಇಟ್ಟಿಗೆ ಗೂಡಿನಲ್ಲಿ ದುಡಿಯುವವರ, ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲಿ ಬಗ್ಗಿದವರ ಮುಂಗೈ ನೋಡಿ. ಮೈಯ ಕಾವು ಹೊರಗೆ ಹಾಕಲು ದೇಹ ಚರ್ಮದ ನಾಳಗಳನ್ನು ಅಗಲ ಮಾಡುತ್ತದೆ, ಕೊಬ್ಬಿಲ್ಲದ ಕೈಯಲ್ಲಿ ನರ ಎದ್ದು ನಿಲ್ಲುತ್ತವೆ. ಅದೇ ಹೊತ್ತಿನಲ್ಲಿ ಬೆವರಿನಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗುತ್ತಿರಬಹುದು. ‘ನರ ಚೆನ್ನಾಗಿ ಕಾಣ್ತಾವಲ್ಲ, ಇವನಿಗೇನು ನೀರಿನ ಕೊರತೆ’ ಎಂದು ಹೇಳಿ ಕೆಲಸಕ್ಕೆ ಹಚ್ಚುವುದು ತಪ್ಪು.

ಇಲ್ಲಿ ನರಕ್ಕಿಂತ ತೂಕ ನಿಜ ಹೇಳುತ್ತದೆ. ಭಟ್ಟಿಯಲ್ಲೂ ಅಕ್ಕಿ ಗಿರಣಿಯಲ್ಲೂ ತಕ್ಕಡಿ ಹೇಗೂ ಇರುತ್ತದೆ. ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಬೆವರು ಒರೆಸಿಕೊಂಡು ಒಮ್ಮೆ ನಿಂತು ನೋಡಿ. ಕಡಿಮೆಯಾದ ಒಂದು ಕೆಜಿ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. 60 ಕೆಜಿಯವರು 1.2 ಕೆಜಿ ಇಳಿದರೆ ಮೈತೂಕದ ಶೇಕಡಾ 2ರಷ್ಟು ಹೋಯಿತು. ಅಲ್ಲಿಂದಾಚೆ ಕೆಲಸದ ಹಿಡಿತ, ತಲೆಯ ಚುರುಕು ಎರಡೂ ತಗ್ಗುತ್ತವೆ. ಬಾಯಾರುವ ತನಕ ಕಾಯದೆ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಬೇಕು. ತಾಸುಗಟ್ಟಲೆ ಬೆವೆತವರಿಗೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಬರಿ ನೀರಿಗಿಂತ ಒಳ್ಳೆಯದು, ಹೋದ ಉಪ್ಪೂ ವಾಪಸ್ ಬರುತ್ತದೆ. ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬರಿ ನೀರು ಸುರಿದುಕೊಳ್ಳುವುದು ಕೂಡ ಅಪಾಯ, ರಕ್ತದಲ್ಲಿ ಉಪ್ಪಿನಂಶ ತೆಳುವಾಗಿ ತಲೆನೋವು, ಫಿಟ್ಸ್ ತನಕ ಹೋಗುತ್ತದೆ. ಮೈ ಕೆಂಡದಂತೆ ಸುಡುತ್ತಾ ಮಾತು ಅಸಂಬದ್ಧವಾದರೆ ಅದು ಬಿಸಿಲಾಘಾತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಂಬುಲೆನ್ಸ್ ಕರೆಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಬೇಸಿಗೆ ಮಧ್ಯಾಹ್ನ ಹತ್ತುವವರಿಗೂ ಇದೇ ಲೆಕ್ಕ. ಕಾದ ಬಂಡೆ ಕೆಳಗಿನಿಂದಲೂ ಸುಡುತ್ತದೆ.

ಜಿಮ್ಮಿಗೆ ಹೋಗುವ ಹುಡುಗರಿಗೆ ಒಂದು ಮಾತು. ನೀರು ಬಿಟ್ಟರೆ ನರ ಎದ್ದು ಕಾಣುತ್ತದೆ ಎಂಬ ನಂಬಿಕೆ ಹಬ್ಬಿದೆ. ಫೋಟೋದಲ್ಲಿ ನರ ಎದ್ದಿರುವುದು ಚರ್ಮದಡಿಯ ಕೊಬ್ಬು ಕರಗಿದ್ದರಿಂದ ಮತ್ತು ಆಗಷ್ಟೇ ಕಸರತ್ತು ಮಾಡಿ ರಕ್ತ ಸ್ನಾಯುವಿಗೆ ನುಗ್ಗಿದ್ದರಿಂದ. ನೀರು ಬಿಟ್ಟರೆ ರಕ್ತದ ಪ್ರಮಾಣ ಇಳಿದು ನರ ಕುಗ್ಗುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ. ಸ್ಪರ್ಧೆಯ ಹಿಂದಿನ ದಿನ ಮೂತ್ರ ಹೋಗುವ ಮಾತ್ರೆ ನುಂಗುವುದಂತೂ ಪೊಟ್ಯಾಸಿಯಂ ಏರುಪೇರಾಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ದಯವಿಟ್ಟು ಮಾಡಬೇಡಿ.

ಅಜ್ಜ ಅಜ್ಜಿಯ ಕೈಯಲ್ಲಿ ನರ ಕಾಣುತ್ತದೆ, ಚುಚ್ಚಿದರೆ ಜಾರುತ್ತದೆ

ವಯಸ್ಸಾದಂತೆ ಚರ್ಮ ಕಾಗದದಂತಾಗಿ, ಕೆಳಗಿನ ಕೊಬ್ಬು ಕರಗಿ ನರ ಯಾವಾಗಲೂ ಕಾಣುತ್ತದೆ. ಹಾಗಾಗಿ ಕಾಣುವುದರಿಂದ ನೀರಿನ ಲೆಕ್ಕ ಸಿಗುವುದಿಲ್ಲ. ಮುಂಗೈ ಚರ್ಮ ಚಿವುಟಿ ನೋಡುವುದೂ ಇವರಲ್ಲಿ ನಂಬಿಕೆಗೆ ಅರ್ಹವಲ್ಲ, ನೀರಿದ್ದರೂ ಚರ್ಮ ನಿಧಾನವಾಗಿಯೇ ಇಳಿಯುತ್ತದೆ. ನಾಲಿಗೆ ಒಣಗಿ ಬಿರುಕು ಬಿಟ್ಟಿದೆಯೇ, ಕಂಕುಳು ಒಣಗಿದೆಯೇ, ನಿನ್ನೆಯವರೆಗೆ ಚೆನ್ನಾಗಿದ್ದವರು ಇವತ್ತು ಮಂಕಾಗಿದ್ದಾರೆಯೇ ನೋಡಿ. ವಯಸ್ಸಾದವರಿಗೆ ಬಾಯಾರಿಕೆಯೇ ತಡವಾಗಿ ಗೊತ್ತಾಗುತ್ತದೆ, ರಾತ್ರಿ ಏಳಬೇಕಲ್ಲ ಎಂದು ಸಂಜೆಯಿಂದಲೇ ನೀರು ಬಿಡುವವರೂ ಉಂಟು. ಬಿಪಿಗೋ ಕಾಲು ಊತಕ್ಕೋ ‘ನೀರಿನ ಮಾತ್ರೆ’ ತಿನ್ನುವವರಿಗೆ ವಾಂತಿ ಭೇದಿ ಬಂದ ದಿನ ಆ ಮಾತ್ರೆ ಮುಂದುವರಿಸಬೇಕೇ ಎಂದು ಅದೇ ದಿನ ಡಾಕ್ಟರನ್ನು ಕೇಳಿ.

ಜಾರುವ ನರಕ್ಕೆ ಉಪಾಯ ಚರ್ಮವನ್ನು ಕೆಳಕ್ಕೆ ಬಿಗಿಯಾಗಿ ಎಳೆದು ಹಿಡಿಯುವುದು ಮತ್ತು ಸಣ್ಣ ಸೂಜಿ. ಮಾಮೂಲಿ 21 ಗೇಜಿನ ಬದಲು 23ರ ಬಟರ್‌ಫ್ಲೈ (ರೆಕ್ಕೆಯಿರುವ ಸೂಜಿ) ಸಾಕು, ಗೇಜಿನ ಅಂಕಿ ಹೆಚ್ಚಿದಷ್ಟೂ ಸೂಜಿ ಸಣ್ಣ. ದೊಡ್ಡ ಸಿರಿಂಜನ್ನು ರಭಸದಿಂದ ಎಳೆದರೆ ಮೆತ್ತಗಿನ ನರದ ಗೋಡೆ ಸೂಜಿಯ ಬಾಯಿಗೆ ಅಂಟಿಕೊಂಡು ರಕ್ತ ನಿಂತುಬಿಡುತ್ತದೆ. ಸೂಜಿ ನರದಲ್ಲೇ ಇದ್ದೂ ರಕ್ತ ಬರದಿರುವುದಕ್ಕೆ ಬಹಳ ಸಲ ಇದೇ ಕಾರಣ. ಚಿಕ್ಕ ಸಿರಿಂಜ್ ಹಾಕಿ ಮೆಲ್ಲಗೆ ಎಳೆದರೆ ಬರುತ್ತದೆ.

ವಾಂತಿ ಭೇದಿಯ ಮೇಲೆ ನರ ಒಳಗೆ ಹೋಗಿವೆ

ಈ ಭಾಗವನ್ನು ಗಮನವಿಟ್ಟು ಓದಿ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ಈ ಕಡೆಯವರು ಮರೆತಿಲ್ಲ. ಭೇದಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಹಾಗಾಗಿ ನರ ಬೇಗ ಬತ್ತುತ್ತದೆ. ನರ ಪೂರ್ತಿ ಬತ್ತಿದ ಮೇಲೆ ಆಸ್ಪತ್ರೆಯಲ್ಲೂ ಸೂಜಿ ಹಾಕುವುದು ಕಷ್ಟ. ಮೊದಲ ಭೇದಿಯಿಂದಲೇ ಓಆರ್‌ಎಸ್, ಅಂದರೆ ಉಪ್ಪು ಮತ್ತು ಗ್ಲೂಕೋಸಿನ ಪುಡಿ ಕಲಸಿದ ನೀರು, ಕೊಡಬೇಕೆನ್ನುವುದು ಇದಕ್ಕೇ.

ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ, ಚಿಕ್ಕ ಪೊಟ್ಟಣವಾದರೆ 200 ಮಿಲಿಗೆ. ಪೊಟ್ಟಣದ ಮೇಲೆ ಬರೆದ ಅಳತೆ ನೋಡಿಯೇ ಕಲಸಿ. ಒಂದು ಲೀಟರಿನ ಪುಡಿಯನ್ನು ಒಂದು ಲೋಟಕ್ಕೆ ಹಾಕಿ ಕುಡಿಸುವುದು ಮನೆಮನೆಯಲ್ಲೂ ನಡೆಯುವ ತಪ್ಪು. ಹಾಗೆ ಗಟ್ಟಿಯಾದ ದ್ರಾವಣ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ ಮಾತ್ರ. ಅಂಗಡಿಯ ಸಿಹಿ ಪಾನೀಯದ ಡಬ್ಬಿಗಳಲ್ಲಿ ಸಕ್ಕರೆ ಇದಕ್ಕಿಂತ ಬಹಳ ಹೆಚ್ಚು, ಅವು ಇದಕ್ಕೆ ಬದಲಿಯಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ನಿಲ್ಲಬಾರದು. ಕಲಸಿದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಿ.

ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಕುಡಿಯುವಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ಕುಡಿದದ್ದೆಲ್ಲ ಹೊರಗೆ ಬರುತ್ತಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಅಕ್ಕಿ ತೊಳೆದ ನೀರಿನಂತೆ ಧಾರಾಕಾರ ಹೋಗುತ್ತಿದ್ದರೆ ಕಾಯಬೇಡಿ.

ಕೂಸುಗಳ ಕೈ ನರ ನೋಡಿ ಏನನ್ನೂ ತೀರ್ಮಾನಿಸಬೇಡಿ. ಅವರ ಗುಂಡು ಕೈಯಲ್ಲಿ ನರ ಕಾಣುವುದೇ ಅಪರೂಪ. ನೆತ್ತಿ ತಗ್ಗಿದೆಯೇ, ಕಣ್ಣು ಗುಳಿ ಬಿದ್ದಿದೆಯೇ, ಅಳುವಾಗ ಕಣ್ಣೀರು ಬರುತ್ತದೆಯೇ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಎರಡು ಸೆಕೆಂಡಾದರೂ ಮಡಿಕೆ ಹಾಗೇ ನಿಲ್ಲುತ್ತದೆಯೇ ನೋಡಿ. ಆರು ಗಂಟೆ ಮೂತ್ರ ಮಾಡದಿದ್ದರೆ ಆಸ್ಪತ್ರೆಗೆ. ಎದೆಹಾಲು ನಿಲ್ಲಿಸಬೇಡಿ.

ಇನ್ನು ಸುಸ್ತಾದ ಕೂಡಲೇ ‘ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ’ ಎಂದು ಕೇಳುವ ರೂಢಿ. ಶೇಕಡಾ 5ರ ಗ್ಲೂಕೋಸಿನ 500 ಮಿಲಿ ಬಾಟಲಿಯಲ್ಲಿ ಇರುವ ಸಕ್ಕರೆ 25 ಗ್ರಾಂ, ಅಂದರೆ ಒಂದು ಬಾಳೆಹಣ್ಣಿನಷ್ಟು ಶಕ್ತಿ. ಬಾಯಲ್ಲಿ ಕುಡಿಯಬಲ್ಲವರಿಗೆ ಅದಕ್ಕಾಗಿ ನರ ಚುಚ್ಚಿಸಿಕೊಳ್ಳುವ ಅಗತ್ಯವಿಲ್ಲ. ಮನೆಗೆ ಬಂದು ಬಾಟಲಿ ಹಾಕುವವರ ಕೈಗೆ, ಅವರು ತರಬೇತಾದ ಸಿಬ್ಬಂದಿ ಅಲ್ಲದಿದ್ದರೆ, ಕೈ ಕೊಡಲೇಬೇಡಿ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಸೂಜಿಯ ಸುತ್ತ ತಣ್ಣಗೆ ಊದಿಕೊಂಡು ನೋವಾದರೆ ದ್ರವ ನರದ ಹೊರಗೆ ಸೋರುತ್ತಿದೆ. ನಳಿಕೆಯ ಚಕ್ರ ಮುಚ್ಚಿ ಸಿಸ್ಟರನ್ನು ಕರೆಯಿರಿ. ನರದ ಉದ್ದಕ್ಕೂ ಕೆಂಪು ಗೆರೆ ಎದ್ದು ಬಿಸಿಯಾಗಿದ್ದರೆ ಅದು ನರದ ಉರಿಯೂತ, ಸೂಜಿ ಅಲ್ಲಿಂದ ತೆಗೆಸಲೇಬೇಕು.

ಎಷ್ಟು ನೀರು ಕುಡಿದರೂ ನರ ಕಾಣುವುದಿಲ್ಲ

ಮೂತ್ರ ತಿಳಿಯಾಗಿದೆ, ನಾಡಿ ಸರಿಯಿದೆ, ಕೈ ಬೆಚ್ಚಗಿದೆ, ಆದರೂ ಕಾಣದು. ಹಾಗಿದ್ದರೆ ದೋಷ ನೀರಿನದ್ದಲ್ಲ. ನರ ಆಳದಲ್ಲಿರಬಹುದು, ಚರ್ಮದಡಿ ಕೊಬ್ಬು ಹೆಚ್ಚಿರಬಹುದು, ಕ್ಯಾನ್ಸರಿನ ಕೀಮೋ ಮದ್ದಿನಿಂದ ಅಥವಾ ಪದೇ ಪದೇ ಚುಚ್ಚಿಸಿಕೊಂಡು ಗಟ್ಟಿಯಾಗಿರಬಹುದು. ಇನ್ನೂ ನೀರು ಸುರಿದುಕೊಂಡು ಪ್ರಯೋಜನವಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಅಲ್ಟ್ರಾಸೌಂಡ್ ಹಚ್ಚಿ ಆಳದ ನರ ಹುಡುಕುತ್ತಾರೆ, ಅದನ್ನು ಕೇಳಿ. ಡಯಾಲಿಸಿಸ್‌ಗೆ ಫಿಸ್ಟುಲಾ (ಅಪಧಮನಿಯನ್ನು ನರಕ್ಕೆ ಜೋಡಿಸುವ ಆಪರೇಷನ್) ಮಾಡಿಸಿಕೊಂಡ ಕೈಗೆ ಪಟ್ಟಿಯನ್ನೂ ಕಟ್ಟಿಸಬೇಡಿ, ಸೂಜಿಯನ್ನೂ ಹಾಕಿಸಬೇಡಿ. ಮುಂದೆ ಡಯಾಲಿಸಿಸ್ ಬೇಕಾಗಬಹುದು ಎಂದು ಹೇಳಿಸಿಕೊಂಡ ಕಿಡ್ನಿ ರೋಗಿಗಳು ಮೊಣಕೈ, ಮುಂದೋಳಿನ ನರ ಉಳಿಸಿಕೊಂಡು ಮುಂಗೈ ಬೆನ್ನಿಂದ ರಕ್ತ ಕೊಡುವುದು ಒಳ್ಳೆಯದು.

ಕೂತಿರುವಾಗಲೇ ಕುತ್ತಿಗೆಯ ನರ ಉಬ್ಬಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅದು ನೀರಿನ ಕೊರತೆಗೆ ತದ್ವಿರುದ್ಧ. ಹೃದಯಕ್ಕೆ ರಕ್ತ ತಳ್ಳಲಾಗದೆ ಹಿಂದೆ ನಿಂತಿದೆ. ಇಂಥವರಿಗೆ ನೀರು, ಓಆರ್‌ಎಸ್ ಕೊಟ್ಟರೆ ಇನ್ನೂ ಕೆಡುತ್ತದೆ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಆಳದ ನರದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಬೇಡಿ, ಅದೇ ದಿನ ತೋರಿಸಿ.

ಆಸ್ಪತ್ರೆಗೆ ಹೊರಡುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಕೊನೆಯ ಸಲ ಮೂತ್ರ ಹೋದ ಗಂಟೆ, ಎಷ್ಟು ಸಲ ವಾಂತಿ ಭೇದಿ ಆಯಿತು, ಏನು ಎಷ್ಟು ಕುಡಿದರು, ತಿನ್ನುವ ಮಾತ್ರೆಗಳ ಹೆಸರು, ಹಿಂದಿನ ಸಲ ಯಾವ ಕೈಯ ಯಾವ ಜಾಗದಲ್ಲಿ ನರ ಸಿಕ್ಕಿತ್ತು. ದಾರಿಯುದ್ದಕ್ಕೂ ಆ ಕೈಯನ್ನು ಶಾಲಿನಲ್ಲಿ ಸುತ್ತಿ ಬೆಚ್ಚಗಿಡಿ.